ಕ್ಲೋರಿನ್ ಇದ್ದರೂ ಪೂಲ್ ನೀರು ಹಸಿರಾಗುವುದು ಯಾಕೆ?

ನಿಮ್ಮ ಪ್ರಶ್ನೆ ಇಷ್ಟು. ಪೂಲ್ ಇರುವ ಮನೆ ಕೊಂಡು ಮೂರು ತಿಂಗಳಾಗಿದೆ. ಅವತ್ತಿನಿಂದ ಕ್ಲೋರಿನ್ ಟ್ಯಾಬ್ಲೆಟ್ ತೇಲಿಬಿಡುತ್ತಿದ್ದೀರಿ. ಟೆಸ್ಟ್ ಮಾಡಿದರೆ ಕ್ಲೋರಿನ್ 3 ಪಿಪಿಎಂ (ಲೀಟರಿಗೆ 3 ಮಿಲಿಗ್ರಾಂ) ತೋರಿಸುತ್ತದೆ, ಆದರೂ ನೀರು ಹಸಿರು. ಆಲ್ಗಿಸೈಡ್, ಅಂದರೆ ಪಾಚಿ ಕೊಲ್ಲುವ ಔಷಧ, ತರಬೇಕಾ ಅಂತ ಕೇಳಿದ್ದೀರಿ.

ಸದ್ಯಕ್ಕೆ ಏನೂ ತರಬೇಡಿ. ನೀರಿನಲ್ಲಿ ಸ್ಟೆಬಿಲೈಸರ್ ಎಷ್ಟಿದೆ ಅಂತ ಮೊದಲು ಅಳೆಯಿರಿ. ಅದು ಗೊತ್ತಾಗುವವರೆಗೆ ನಿಮ್ಮ ಆ 3 ಅನ್ನುವ ಅಂಕಿಗೆ ಅರ್ಥವೇ ಇಲ್ಲ.

ಸ್ಟೆಬಿಲೈಸರ್ ಅಂದರೆ ಸಯನ್ಯೂರಿಕ್ ಆಸಿಡ್. ಬಿಸಿಲಿಗೆ ತೆರೆದ ಪೂಲ್‌ನಲ್ಲಿ ಇದು ಇರಲೇಬೇಕು. ಇಲ್ಲದಿದ್ದರೆ ನೆತ್ತಿಯ ಮೇಲಿನ ಬಿಸಿಲಿಗೆ ಕೆಲವೇ ಗಂಟೆಗಳಲ್ಲಿ ಕ್ಲೋರಿನ್ ಹೆಚ್ಚುಕಡಿಮೆ ಪೂರ್ತಿ ಹೋಗಿಬಿಡುತ್ತದೆ. ಸ್ಟೆಬಿಲೈಸರ್ ಕ್ಲೋರಿನ್ನನ್ನು ಹಿಡಿದಿಟ್ಟುಕೊಂಡು ಬಿಸಿಲಿನಿಂದ ಕಾಪಾಡುತ್ತದೆ. ಆದರೆ ಹಾಗೆ ಹಿಡಿದಿಟ್ಟ ಕ್ಲೋರಿನ್ ಪಾಚಿಯ ಮೇಲೂ ನಿಧಾನವಾಗಿಯೇ ಕೆಲಸ ಮಾಡುತ್ತದೆ. ಸ್ಟೆಬಿಲೈಸರ್ ಜಾಸ್ತಿಯಾದಷ್ಟೂ ಅದೇ ಕೆಲಸಕ್ಕೆ ಜಾಸ್ತಿ ಕ್ಲೋರಿನ್ ಬೇಕು. ಪಾಚಿ ಬರದಂತೆ ನೋಡಿಕೊಳ್ಳಲು ಫ್ರೀ ಕ್ಲೋರಿನ್ (ಇನ್ನೂ ಖರ್ಚಾಗದೆ ಕೆಲಸಕ್ಕೆ ಸಿಗುವ ಕ್ಲೋರಿನ್), ಸ್ಟೆಬಿಲೈಸರ್‌ನ ಸುಮಾರು 7.5 ಶೇಕಡಾಕ್ಕಿಂತ ಕೆಳಗೆ ಇಳಿಯಬಾರದು ಅನ್ನುವ ಲೆಕ್ಕವನ್ನು ನಾನು ಪಾಲಿಸುತ್ತೇನೆ. ಸ್ಟೆಬಿಲೈಸರ್ 40 ಇದ್ದರೆ ಕ್ಲೋರಿನ್ 3 ಸಾಕು. 110 ಇದ್ದರೆ 8 ಬೇಕು.

110 ಯಾಕೆ ಅಂದೆ ಅಂದರೆ, ನಿಮ್ಮಲ್ಲಿ ಅಷ್ಟಿರುವ ಸಾಧ್ಯತೆ ತುಂಬಾ ಇದೆ. ಟ್ಯಾಬ್ಲೆಟ್ ಡಬ್ಬಿಯ ಮೇಲೆ ಟ್ರೈಕ್ಲೋರ್ ಅಂತ ಇದೆಯಾ ನೋಡಿ. ಟ್ರೈಕ್ಲೋರ್ ನೀರಿಗೆ 10 ಪಿಪಿಎಂ ಕ್ಲೋರಿನ್ ಕೊಡುವಾಗ ಜೊತೆಗೆ ಸುಮಾರು 6 ಪಿಪಿಎಂ ಸ್ಟೆಬಿಲೈಸರ್ ಕೂಡ ಸೇರಿಸುತ್ತದೆ. ದಿನಕ್ಕೆ 2 ಪಿಪಿಎಂ ಕ್ಲೋರಿನ್ ಖರ್ಚಾಗುವ ಪೂಲ್‌ನಲ್ಲಿ ತಿಂಗಳಿಗೆ 36, ಮೂರು ತಿಂಗಳಿಗೆ ನೂರು ದಾಟುತ್ತದೆ. ಕ್ಲೋರಿನ್ ಖರ್ಚಾಗಿ ಹೋಗುತ್ತದೆ, ಸ್ಟೆಬಿಲೈಸರ್ ಮಾತ್ರ ಉಳಿಯುತ್ತದೆ. ನೀರು ಆವಿಯಾದರೂ ಅದು ಹೋಗುವುದಿಲ್ಲ. ಟ್ಯಾಬ್ಲೆಟ್ ಮಾರುವವರು ಇದನ್ನು ಹೊಸಬರಿಗೆ ಮೊದಲ ದಿನವೇ ಹೇಳಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಸ್ಟೆಬಿಲೈಸರ್ ಅಳೆಯಲು ಸ್ಟ್ರಿಪ್ ನಂಬಬೇಡಿ. ಹನಿ ಹಾಕಿ ನೋಡುವ ಟೆಸ್ಟ್ ಕಿಟ್ ತೆಗೆದುಕೊಳ್ಳಿ. ಪೂಲ್ ನೀರಿಗೆ ದ್ರಾವಣ ಬೆರೆಸಿದಾಗ ಅದು ಬೆಳ್ಳಗೆ ಮಬ್ಬಾಗುತ್ತದೆ. ಅದನ್ನು ಕೊಳವೆಗೆ ಸುರಿಯುತ್ತಾ ಹೋಗಿ, ತಳದ ಕಪ್ಪು ಚುಕ್ಕೆ ಯಾವ ಗೆರೆಯ ಹತ್ತಿರ ಮರೆಯಾಗುತ್ತದೋ ಅದೇ ಅಂಕಿ. ನೀರನ್ನು ಮೇಲ್ಮೈಯಿಂದ ಎತ್ತಬೇಡಿ. ಮೊಣಕೈವರೆಗೆ ಕೈ ಇಳಿಸಿ, ನೀರು ಒಳಬರುವ ಜಾಗದಿಂದ ದೂರದಲ್ಲಿ ತೆಗೆಯಿರಿ.

ಅಂಕಿ ನಿಜಕ್ಕೂ ನೂರರ ಮೇಲೆ ಬಂದರೆ ನೀರು ಬದಲಿಸುವುದೇ ನೆಚ್ಚಬಹುದಾದ ದಾರಿ. ಆದರೆ ಪೂಲ್ ಪೂರ್ತಿ ಖಾಲಿ ಮಾಡಬೇಡಿ. ಕೆಳಗೆ ಅಂತರ್ಜಲ ಮೇಲಿದ್ದರೆ ಖಾಲಿ ಪೂಲ್ ನೆಲದಿಂದ ಎದ್ದು ಬಿರುಕು ಬಿಡುವ ಅಪಾಯ ಇದೆ. ಮೂರನೇ ಒಂದು ಪಾಲು ತೆಗೆದು, ಹೊಸ ನೀರು ತುಂಬಿಸಿ, ಪಂಪ್ ಓಡಿಸಿ ಬೆರೆಸಿ, ಮತ್ತೆ ಅದನ್ನೇ ಮಾಡಿ. 110 ಮೊದಲು 73ಕ್ಕೆ ಇಳಿಯುತ್ತದೆ, ಆಮೇಲೆ 49ಕ್ಕೆ. 30ರಿಂದ 50ರ ನಡುವೆ ಬಂದರೆ ಸಾಕು.

ಮುಂದೆ ಟ್ಯಾಬ್ಲೆಟ್ ಬಿಟ್ಟು ಲಿಕ್ವಿಡ್ ಕ್ಲೋರಿನ್‌ಗೆ ಬನ್ನಿ. ನಾನು ನನ್ನ ಪೂಲ್‌ಗೆ ಅದನ್ನೇ ಹಾಕುತ್ತೇನೆ. ಅದು ಸ್ವಲ್ಪ ಉಪ್ಪು ಬಿಟ್ಟರೆ ಬೇರೇನನ್ನೂ ಹಿಂದೆ ಉಳಿಸುವುದಿಲ್ಲ. ಎಷ್ಟು ಹಾಕಬೇಕು ಅನ್ನುವುದನ್ನು ನೀವೇ ಲೆಕ್ಕ ಹಾಕಬಹುದು. ನಿಮ್ಮ ಪೂಲ್ 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳ ಅಂದಿದ್ದೀರಿ. ಅಂದರೆ 48 ಘನ ಮೀಟರ್, 48,000 ಲೀಟರ್. 1 ಪಿಪಿಎಂ ಅಂದರೆ ಲೀಟರಿಗೆ 1 ಮಿಲಿಗ್ರಾಂ, ಹಾಗಾಗಿ ನಿಮಗೆ 1 ಪಿಪಿಎಂ ಏರಿಸಲು 48 ಗ್ರಾಂ ಕ್ಲೋರಿನ್ ಬೇಕು. ಲೀಟರಿಗೆ 100 ಗ್ರಾಂ ಕ್ಲೋರಿನ್ ಇರುವ ದ್ರವವಾದರೆ ಸುಮಾರು ಅರ್ಧ ಲೀಟರ್. ಹಳೆಯ ಕ್ಯಾನ್ ಶಕ್ತಿ ಕಳೆದುಕೊಳ್ಳುತ್ತಾ ಹೋಗುತ್ತದೆ, ಬಿಸಿಲಲ್ಲಿ ಇಟ್ಟರಂತೂ ಬೇಗ. ತಂದದ್ದನ್ನು ಬೇಗ ಬಳಸಿ.

ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಉಳಿದಿರುವ ಟ್ರೈಕ್ಲೋರ್ ಟ್ಯಾಬ್ಲೆಟ್ ಜೊತೆ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಪುಡಿ ಯಾವತ್ತೂ ಸೇರಬಾರದು. ಎರಡೂ ಕ್ಲೋರಿನ್ನೇ ಅಲ್ವಾ ಅಂತ ಒಂದೇ ಡಬ್ಬಿಗೆ ಹಾಕಿದರೆ ಬೆಂಕಿ ಹೊತ್ತಬಹುದು, ಸಿಡಿಯಬಹುದು. ಅಳತೆಯ ಚಮಚವೂ ಬೇರೆಬೇರೆ ಇರಲಿ. ಪಿಎಚ್ ಇಳಿಸಲು ಹಾಕುವ ಆಸಿಡ್ ಮತ್ತು ಕ್ಲೋರಿನ್ ಸೇರಿದರೆ ವಿಷಗಾಳಿ ಏಳುತ್ತದೆ. ಎರಡನ್ನೂ ದೂರ ದೂರ ಇಡಿ. ಪಂಪ್ ಓಡುತ್ತಿರುವಾಗ ಒಂದನ್ನು ಹಾಕಿ, ಅದು ಪೂರ್ತಿ ಬೆರೆತ ಮೇಲಷ್ಟೇ ಇನ್ನೊಂದು. ಬಕೆಟ್‌ನಲ್ಲಿ ಕರಗಿಸುವುದಾದರೆ ನೀರಿಗೆ ರಾಸಾಯನಿಕ ಹಾಕಿ, ರಾಸಾಯನಿಕಕ್ಕೆ ನೀರು ಸುರಿಯಬೇಡಿ.

ಈಗ ಹಸಿರು ತೆಗೆಯುವ ಕೆಲಸ. ಮೊದಲು ಪಿಎಚ್ 7.2ರ ಹತ್ತಿರ ತನ್ನಿ, ಯಾಕೆಂದರೆ ಕ್ಲೋರಿನ್ ತುಂಬಾ ಏರಿದ ಮೇಲೆ ಪಿಎಚ್ ಟೆಸ್ಟ್ ಸರಿಯಾಗಿ ಹೇಳುವುದಿಲ್ಲ. ಆಮೇಲೆ ಸಂಜೆ ಬಿಸಿಲು ಇಳಿದ ಮೇಲೆ ಕ್ಲೋರಿನ್ನನ್ನು ಸ್ಟೆಬಿಲೈಸರ್‌ನ 40 ಶೇಕಡಾದಷ್ಟಕ್ಕೆ ಏರಿಸಿ. 50 ಇದ್ದರೆ 20 ಪಿಪಿಎಂ. ಒಂದು ಸಲ ಏರಿಸಿ ಬಿಟ್ಟರೆ ಪಾಚಿ ಮತ್ತೆ ಚಿಗುರುತ್ತದೆ. ದಿನಕ್ಕೆ ಎರಡು ಮೂರು ಸಲ ಅಳೆದು, ಇಳಿದಷ್ಟನ್ನು ಮತ್ತೆ ಹಾಕುತ್ತಾ ಅದೇ ಮಟ್ಟದಲ್ಲಿ ಇರಿಸಿ. ಬರೀ ಬಣ್ಣ ನೋಡುವ ಕಿಟ್‌ನಲ್ಲಿ ಇಷ್ಟು ಕ್ಲೋರಿನ್‌ಗೆ ಬಣ್ಣವೇ ಬಿಳಿಚಿಕೊಂಡು ಸೊನ್ನೆ ಅನ್ನುವ ಹಾಗೆ ಕಾಣಬಹುದು. ಬಣ್ಣ ಹೋಗುವವರೆಗೆ ಹನಿ ಎಣಿಸುವ ಕಿಟ್ ಇದಕ್ಕೆ ಸರಿ. ಪಂಪ್ ನಿಲ್ಲಿಸಬೇಡಿ. ಗೋಡೆ, ಮೆಟ್ಟಿಲು, ಏಣಿಯ ಹಿಂಭಾಗ ಎಲ್ಲಾ ದಿನವೂ ಬ್ರಷ್ ಮಾಡಿ. ಸ್ವಚ್ಛವಿದ್ದಾಗಿನ ಒತ್ತಡಕ್ಕಿಂತ ಕಾಲು ಭಾಗ ಏರಿದರೆ ಫಿಲ್ಟರ್ ತೊಳೆಯಿರಿ.

ಸತ್ತ ಪಾಚಿ ನೀರನ್ನು ಮೊದಲು ಬೂದುಬಣ್ಣಕ್ಕೆ ತಿರುಗಿಸುತ್ತದೆ. ಗಾಬರಿ ಬೇಡ, ಸರಿಯಾದ ದಾರಿಯಲ್ಲೇ ಇದ್ದೀರಿ. ಕೆಲಸ ಮುಗಿಯಿತಾ ಅಂತ ತಿಳಿಯಲು ಸೂರ್ಯ ಮುಳುಗಿದ ಮೇಲೆ ಒಮ್ಮೆ, ಬೆಳಿಗ್ಗೆ ಬಿಸಿಲು ಬರುವ ಮೊದಲು ಒಮ್ಮೆ ಅಳೆಯಿರಿ. ರಾತ್ರಿ ಕ್ಲೋರಿನ್ ತಿನ್ನಲು ಬಿಸಿಲಿರುವುದಿಲ್ಲ. 1 ಪಿಪಿಎಂಗಿಂತ ಜಾಸ್ತಿ ಇಳಿದಿದ್ದರೆ ಪಾಚಿ ಇನ್ನೂ ಇದೆ ಅಂತಲೇ ಅರ್ಥ. ಕಂಬೈನ್ಡ್ ಕ್ಲೋರಿನ್ (ಕೊಳೆಯ ಜೊತೆ ಸೇರಿ ಶಕ್ತಿ ಕಳೆದುಕೊಂಡ ಕ್ಲೋರಿನ್) 0.5ಕ್ಕಿಂತ ಕೆಳಗಿರಬೇಕು, ನೀರೂ ತಿಳಿಯಾಗಿರಬೇಕು. ಅಲ್ಲಿಯವರೆಗೆ, ಮತ್ತು ಕ್ಲೋರಿನ್ ಮಾಮೂಲಿ ಮಟ್ಟಕ್ಕೆ ಇಳಿಯುವವರೆಗೆ, ಯಾರನ್ನೂ ನೀರಿಗೆ ಇಳಿಸಬೇಡಿ. ಮಬ್ಬು ನೀರಿನಲ್ಲಿ ಮುಳುಗುತ್ತಿರುವ ಮಗು ಮೇಲಿನಿಂದ ಕಾಣುವುದೇ ಇಲ್ಲ.

ಪಿಎಚ್ ಬಗ್ಗೆ ಹೊಸಬರು ಬೇಕಾದ್ದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. 7.5ರಲ್ಲಿ ಕ್ಲೋರಿನ್‌ನ ಅರ್ಧ ಮಾತ್ರ ಚುರುಕು, 8ಕ್ಕೆ ಹೋದರೆ ಕಾಲು ಭಾಗ ಅಂತ ಓದಿರುತ್ತೀರಿ. ಅದು ಸ್ಟೆಬಿಲೈಸರ್ ಇಲ್ಲದ ನೀರಿಗೆ ನಿಜ. ಸ್ಟೆಬಿಲೈಸರ್ ಇದ್ದಾಗ ಈ ವ್ಯತ್ಯಾಸ ತುಂಬಾ ಕಡಿಮೆ. 7.2ರಿಂದ 7.8ರ ನಡುವೆ ಇದ್ದರೆ ಸುಮ್ನೆ ಬಿಡಿ. ದಾಟಿದರೆ ಮಾತ್ರ ಸ್ವಲ್ಪ ಆಸಿಡ್. ಆಲ್ಕಲಿನಿಟಿ (ಪಿಎಚ್ ಏರಿಳಿಯದಂತೆ ತಡೆಯುವ ನೀರಿನ ಗುಣ) 60 ಪಿಪಿಎಂಗಿಂತ ಕೆಳಗಿದ್ದರೆ ಪಿಎಚ್ ನಿಲ್ಲುವುದಿಲ್ಲ. ಟ್ರೈಕ್ಲೋರ್ ಹುಳಿ ಗುಣದ್ದು, ಆಲ್ಕಲಿನಿಟಿಯನ್ನು ತಿನ್ನುತ್ತಾ ಬಂದಿರುತ್ತದೆ, ಆದ್ದರಿಂದ ಒಮ್ಮೆ ನೋಡಿ. ನಿಮ್ಮ ಪೂಲ್‌ಗೆ 10 ಪಿಪಿಎಂ ಏರಿಸಲು ಸುಮಾರು 800 ಗ್ರಾಂ ಅಡುಗೆ ಸೋಡಾ ಸಾಕು.

ಆಲ್ಗಿಸೈಡ್ ವಿಷಯಕ್ಕೆ ಬಂದರೆ, ಕ್ಲೋರಿನ್ ಸರಿಯಿದ್ದ ಪೂಲ್‌ಗೆ ಅದು ಬೇಕಾಗುವುದಿಲ್ಲ. ಅದರಲ್ಲೂ ತಾಮ್ರ ಇರುವುದನ್ನು ಹಾಕಲೇಬೇಡಿ. ಗೋಡೆಯ ಮೇಲೆ ಕಲೆ ಕೂರುತ್ತದೆ, ತಿಳಿ ಬಣ್ಣದ ಕೂದಲೂ ಹಸಿರಾಗುತ್ತದೆ. ಆ ದುಡ್ಡನ್ನು ಒಳ್ಳೆಯ ಟೆಸ್ಟ್ ಕಿಟ್‌ಗೆ ಹಾಕಿ. ಸ್ಟೆಬಿಲೈಸರ್ ಎಷ್ಟು ಬಂತು ಅಂತ ತಿಳಿಸಿ, ಎಷ್ಟು ನೀರು ತೆಗೆಯಬೇಕು ಅಂತ ಲೆಕ್ಕ ಹಾಕಿ ಹೇಳುತ್ತೇನೆ.