ಮಿನಿ ಟ್ರ್ಯಾಕ್ಟರಿಗೆ ಬೋರ್ಡೋ ಸ್ಪ್ರೇ ಟ್ರೇಲರ್: ಮೊದಲು ತೂಕದ ಲೆಕ್ಕ, ಆಮೇಲೆ ವೆಲ್ಡಿಂಗ್

ಕೊಪ್ಪ ಕಡೆಯ ಸದಸ್ಯರು ಕೇಳಿದ್ದು: 18 ಎಚ್‌ಪಿ ಮಿನಿ ಟ್ರ್ಯಾಕ್ಟರ್ ಇದೆ, ಅಡಿಕೆಗೆ ಕೊಳೆ ರೋಗದ ಔಷಧಿ (ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ) ಹೊಡೆಯಲು 1000 ಲೀಟರ್ ಟ್ಯಾಂಕ್, ಎಚ್‌ಟಿಪಿ (ಹೆಚ್ಚು ಒತ್ತಡದ ಪಿಸ್ಟನ್) ಪಂಪ್ ಎರಡೂ ಕೂರುವ ಎರಡು ಚಕ್ರದ ಟ್ರೇಲರ್ ಮಾಡಿಸಬೇಕು, ಅಳತೆ ಹೇಳಿ ಅಂತ.

ಸರ್, 1000 ಲೀಟರಿನ ಯೋಚನೆ ದಯವಿಟ್ಟು ಬಿಡಿ. ಸಾವಿರ ಲೀಟರ್ ಅಂದರೆ ನೀರೇ ಒಂದು ಟನ್. ಈ ಅಳತೆಯ ಟ್ರ್ಯಾಕ್ಟರ್ ಅಷ್ಟು ತೂಗುವುದಿಲ್ಲ. ಸಮತಟ್ಟು ಜಾಗದಲ್ಲಿ ಎಳೆಯುತ್ತದೆ, ಅನುಮಾನ ಬೇಡ. ಆದರೆ ಮಳೆಗಾಲದ ಜಾರು ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಹಿಂದಿನ ಭಾರವೇ ಟ್ರ್ಯಾಕ್ಟರನ್ನು ದೂಡಿಕೊಂಡು ಹೋಗುತ್ತದೆ. ಬ್ರೇಕ್ ಇಲ್ಲದ ಟ್ರೇಲರಿನ ಒಟ್ಟು ತೂಕ ಎಳೆಯುವ ಗಾಡಿಯ ತೂಕಕ್ಕಿಂತ ಕಡಿಮೆಯೇ ಇರಬೇಕು. ಇನ್ನೊಂದು ತೊಂದರೆ ಅಂದರೆ, ದೊಡ್ಡ ಟ್ಯಾಂಕ್ ಅರ್ಧ ಖಾಲಿಯಾದಾಗ ಒಳಗೆ ನೀರು ಹೊಯ್ದಾಡಿ ತಿರುವಿನಲ್ಲಿ ಟ್ರೇಲರನ್ನು ಮಗುಚಲು ನೋಡುತ್ತದೆ.

200 ಲೀಟರಿನ ಎರಡು ಪ್ಲಾಸ್ಟಿಕ್ ಡ್ರಮ್ ಸಾಕು. ಬಾಯಿ ಪೂರ್ತಿ ತೆರೆಯುವಂಥದ್ದು, ಮುಚ್ಚಳಕ್ಕೆ ಕ್ಲಾಂಪ್ ಇರುವಂಥದ್ದು ತೆಗೆದುಕೊಳ್ಳಿ. ತಲಾ 180 ಲೀಟರ್ ತುಂಬಿಸಿದರೆ ತುಳುಕುವುದಿಲ್ಲ, ಮದ್ದಿನ ಲೆಕ್ಕವೂ ಸುಲಭ: ಶೇ. 1ರ ಬೋರ್ಡೋಗೆ ಡ್ರಮ್ಮಿಗೆ 1.8 ಕೆಜಿ ಮೈಲುತುತ್ತ, 1.8 ಕೆಜಿ ಸುಣ್ಣ. ಕಬ್ಬಿಣದ ಬ್ಯಾರಲ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಮೈಲುತುತ್ತದ ತಾಮ್ರ ಕಬ್ಬಿಣದ ಮೇಲೆ ಕೂತು ಕಬ್ಬಿಣ ಕರಗುತ್ತದೆ, ದ್ರಾವಣವೂ ಕೆಡುತ್ತದೆ.

ಒಟ್ಟು ತೂಕ ನೋಡಿ. ನೀರು 360 ಕೆಜಿ, ಡ್ರಮ್ ಎರಡೂ ಸೇರಿ 20, ಫ್ರೇಮ್ ಮತ್ತು ಚೆಕರ್ ಪ್ಲೇಟ್ 110, ಆಕ್ಸಲ್, ಹಬ್, ಚಕ್ರ 65, ಇಂಜಿನ್ ಮತ್ತು ಪಂಪ್ 55, ಪೈಪು 20. ಹತ್ತಿರ ಹತ್ತಿರ 630. ನಮ್ಮ ಕಡೆ ಸುಲಭವಾಗಿ ಸಿಗುವ ಹಳೆ ಮಾರುತಿ 800 ಚಕ್ರದ 145/70 ಆರ್12 ಟೈರಿನ ಮೇಲೆ 69 ಎಂದು ಬರೆದಿರುತ್ತದೆ. ಅಂದರೆ ಒಂದು ಟೈರ್ 325 ಕೆಜಿ ಹೊರುತ್ತದೆ, ಎರಡಕ್ಕೆ 650. ಮೂತಿಯ (ಟ್ರ್ಯಾಕ್ಟರಿಗೆ ಸಿಕ್ಕಿಸುವ ಮುಂದಿನ ತುದಿಯ) ಮೇಲೆ ಬೀಳುವ 60 ಕೆಜಿ ಟ್ರ್ಯಾಕ್ಟರಿಗೆ ಹೋಗುವುದರಿಂದ ಟೈರುಗಳಿಗೆ ಉಳಿಯುವುದು 570. ಗುಂಡಿಗೆ ಬಿದ್ದಾಗಿನ ಪೆಟ್ಟಿಗೂ ಸ್ವಲ್ಪ ಅಂತರ ಬೇಕಲ್ಲ, ಹಾಗಾಗಿ ಇದಕ್ಕಿಂತ ಹೆಚ್ಚು ಹೇರಬೇಡಿ. ಪಕ್ಕದ ಗೋಡೆ ಬಿರುಕು ಬಿಟ್ಟ ಟೈರ್ ಹಾಕಿಸಲೇಬೇಡಿ.

ಈಗ ಆಕ್ಸಲ್ ಎಲ್ಲಿ ಕೂರಬೇಕು ಎನ್ನುವುದು. ಹೆಚ್ಚಿನ ವೆಲ್ಡಿಂಗ್ ಶಾಪಿನವರು ತಪ್ಪುವುದು ಇಲ್ಲೇ. ಪ್ಲಾಟ್‌ಫಾರ್ಮ್ 6 ಅಡಿ ಉದ್ದ, 3 ಅಡಿ ಅಗಲ ಇರಲಿ. ಅದರ ಮುಂದೆ 4 ಅಡಿ ಡ್ರಾಬಾರ್, ಅಂದರೆ ಎಳೆಯುವ ತೋಳು. ಮುಂದಿನ 50 ಸೆಂ.ಮೀ. ಜಾಗದಲ್ಲಿ ಇಂಜಿನ್ ಮತ್ತು ಪಂಪ್, ಅದರ ಹಿಂದೆ ಒಂದು ಡ್ರಮ್, ಅದರ ಹಿಂದೆ ಇನ್ನೊಂದು. ಆಕ್ಸಲ್ಲನ್ನು ಪ್ಲಾಟ್‌ಫಾರ್ಮಿನ ಸರಿ ನಡುವೆ, ಅಂದರೆ ಮೂರನೇ ಅಡಿಗೆ ಕೂರಿಸಿದರೆ ಹಿಂದಿನ ಡ್ರಮ್ ಪೂರ್ತಿ ಆಕ್ಸಲ್‌ನಿಂದ ಆಚೆ ಹೋಗುತ್ತದೆ. ಎರಡೂ ಡ್ರಮ್ ತುಂಬಿಸಿದ ಕೂಡಲೇ ಮೂತಿ ಮೇಲಕ್ಕೆ ಏಳುತ್ತದೆ. ಹಾಗೆ ಎದ್ದ ಮೂತಿ ಟ್ರ್ಯಾಕ್ಟರಿನ ಹಿಂಭಾಗವನ್ನೂ ಎತ್ತುವುದರಿಂದ ಹಿಂದಿನ ಚಕ್ರದ ಹಿಡಿತ ತಪ್ಪಿ ಏರಿನಲ್ಲಿ ಜಾರುತ್ತದೆ. ಆಕ್ಸಲ್ಲನ್ನು ಮುಂದಿನ ಅಂಚಿನಿಂದ 4 ಅಡಿಗೆ ಇಟ್ಟರೆ ಇದೇ ಸಾಮಾನಿಗೆ ಮೂತಿಯ ಮೇಲೆ ಸುಮಾರು 60 ಕೆಜಿ ಬರುತ್ತದೆ, ಒಟ್ಟು ಭಾರದ ಹತ್ತನೇ ಒಂದರಷ್ಟು. ಬೇಕಾದ್ದು ಅಷ್ಟೇ.

ಇದರಿಂದಲೇ ಬರುವ ಇನ್ನೊಂದು ನಿಯಮ: ಯಾವಾಗಲೂ ಹಿಂದಿನ ಡ್ರಮ್ ಮೊದಲು ಖಾಲಿ ಮಾಡಿ. ಆಗ ಮೂತಿಯ ಭಾರ 78 ಕೆಜಿ ಆಸುಪಾಸಿಗೆ ಏರುತ್ತದೆ, ತೊಂದರೆ ಇಲ್ಲ. ಮುಂದಿನದನ್ನು ಮೊದಲು ಮುಗಿಸಿದರೆ 33ಕ್ಕೆ ಇಳಿಯುತ್ತದೆ. ಏರು ಹತ್ತುವಾಗ ಅದು ಇನ್ನೂ ಕಡಿಮೆ. ಎರಡೂ ಡ್ರಮ್ಮಿನ ತಳಕ್ಕೆ ಪೈಪ್ ಕೂಡಿಸುವ ಆಸೆ ಬರಬಹುದು, ಬೇಡ. ಆ ಪೈಪಿನಲ್ಲಿ ಸುಣ್ಣ ಕೂತು ಗಟ್ಟಿಯಾಗುತ್ತದೆ. ಸಕ್ಷನ್ (ಪಂಪಿಗೆ ಎಳೆಯುವ) ಮತ್ತು ರಿಟರ್ನ್ (ಹೆಚ್ಚಾದದ್ದು ವಾಪಸು ಬರುವ) ಪೈಪ್ ಎರಡನ್ನೂ ಎತ್ತಿ ಮುಂದಿನ ಡ್ರಮ್ಮಿಗೆ ಹಾಕುವುದು ಒಂದು ನಿಮಿಷದ ಕೆಲಸ.

ಸಾಮಾನು ಹೀಗಿರಲಿ. ಪ್ಲಾಟ್‌ಫಾರ್ಮಿಗೆ 60x40 ಆಯತದ ಟ್ಯೂಬ್, 3 ಎಂಎಂ ದಪ್ಪ, ಅಡ್ಡಪಟ್ಟಿ ಐದು. ಡ್ರಾಬಾರಿಗೆ 75x40 ಸಿ-ಚಾನಲ್ ಎರಡು, ಮುಂದೆ ಕೂಡಿ ಹಿಂದೆ ಅಗಲವಾಗುವ ವಿ ಆಕಾರದಲ್ಲಿ. ಈ ಚಾನಲ್ಲುಗಳು ಪ್ಲಾಟ್‌ಫಾರ್ಮಿನ ಅಡಿಯಲ್ಲಿ ಆಕ್ಸಲ್‌ವರೆಗೂ ಹೋಗಲೇಬೇಕು. ಉಳಿತಾಯಕ್ಕೆಂದು ಮುಂದಿನ ಅಡ್ಡಪಟ್ಟಿಗೇ ವೆಲ್ಡ್ ಮಾಡಿ ನಿಲ್ಲಿಸಿದರೆ ಎಳೆತವೆಲ್ಲ ಆ ಒಂದು ಬೆಸುಗೆಯ ಮೇಲೆ ಬಿದ್ದು ಒಂದೆರಡು ಮಳೆಗಾಲದೊಳಗೆ ಕೂದಲೆಳೆಯಷ್ಟು ಬಿರುಕು ಶುರುವಾಗುತ್ತದೆ, ಬಣ್ಣದ ಕೆಳಗೆ ಕಾಣುವುದೂ ಇಲ್ಲ. ಆಕ್ಸಲ್ಲಿಗೆ 40 ಎಂಎಂ ಚೌಕದ ಗಟ್ಟಿ ಸರಳು, ಟೇಪರ್ ಬೇರಿಂಗ್ ಹಬ್. ಅದನ್ನು ವೆಲ್ಡ್ ಮಾಡಬೇಡಿ, 12 ಎಂಎಂ ಯು-ಬೋಲ್ಟ್ ನಾಲ್ಕು ಹಾಕಿ ಬಿಗಿಯಿರಿ. ಮುಂದೆ ಪಂಪ್ ಬದಲಾದರೂ ನಾಲ್ಕು ಬೆರಳು ಹಿಂದೆ ಮುಂದೆ ಸರಿಸಬಹುದು. ಟ್ಯೂಬಿನ ತೆರೆದ ಬಾಯಿಗಳಿಗೆಲ್ಲ ತಗಡು ಮುಚ್ಚಿ ವೆಲ್ಡ್ ಮಾಡಿಸಿ, ಇಲ್ಲವಾದರೆ ಮದ್ದಿನ ನೀರು ಒಳಗೆ ನಿಂತು ಒಳಗಿನಿಂದಲೇ ತಿನ್ನುತ್ತದೆ. ಎಪಾಕ್ಸಿ ಪ್ರೈಮರ್ ಎರಡು ಕೋಟ್, ಮೇಲೆ ಎಪಾಕ್ಸಿ ಬಣ್ಣ. ಡ್ರಮ್ಮಿನ ಬುಡಕ್ಕೆ 60 ಸೆಂ.ಮೀ. ವ್ಯಾಸದ ಪಟ್ಟಿ ರಿಂಗ್, ಸೊಂಟಕ್ಕೆ ರ‍್ಯಾಚೆಟ್ ಬೆಲ್ಟ್. ನಿಲ್ಲಿಸಿದಾಗ ಊರಲು ಮುಂದೊಂದು ಹಿಂದೊಂದು ಮಡಚುವ ಕಾಲು ಇರಲಿ. ಟ್ರ್ಯಾಕ್ಟರ್ ಬಿಚ್ಚಿದ ಮೇಲೆ ಹಿಂದಿನ ಕಾಲು ಇಲ್ಲದಿದ್ದರೆ ಟ್ರೇಲರ್ ಹಿಂದಕ್ಕೆ ಬಗ್ಗುವ ಅಪಾಯ ಇದೆ.

ಕೊಕ್ಕೆಯ ವಿಚಾರದಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಟ್ರ್ಯಾಕ್ಟರಿನ ಕೆಳಗಿನ ಡ್ರಾಬಾರಿಗೇ ಸಿಕ್ಕಿಸಿ. ಮೇಲಿರುವ ಟಾಪ್ ಲಿಂಕ್ ಬ್ರಾಕೆಟ್ಟಿಗೆ ಕಟ್ಟಿ ಎಳೆದರೆ ಏರಿನಲ್ಲಿ ಮುಂದಿನ ಚಕ್ರ ಎದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತದೆ. ಇದರಲ್ಲಿ ಜೀವ ಹೋಗುತ್ತದೆ. ಪಿನ್ನಿಗೆ ಲಾಕ್ ಕ್ಲಿಪ್, ಜೊತೆಗೊಂದು ಸೇಫ್ಟಿ ಚೈನ್ ಇರಲಿ.

ಪಂಪಿಗೆ ಬರೋಣ. ನಿಮಿಷಕ್ಕೆ 22 ಲೀಟರ್ ಎತ್ತುವ ಮೂರು ಪಿಸ್ಟನ್ ಪಂಪ್ 30 ಬಾರ್ ಒತ್ತಡದಲ್ಲಿ ಕೇಳುವುದು ಒಂದೂವರೆ ಎಚ್‌ಪಿ ಚಿಲ್ಲರೆ. ಬೆಲ್ಟಿನ ನಷ್ಟ ಎಲ್ಲ ಸೇರಿಸಿದರೂ 5 ಎಚ್‌ಪಿ ಪೆಟ್ರೋಲ್ ಇಂಜಿನ್ ಧಾರಾಳ. ಪಂಪಿನ ಮೇಲೆ 800ರಿಂದ 1000 ಆರ್‌ಪಿಎಂ ಎಂದು ಬರೆದಿದ್ದರೆ ಇಂಜಿನ್ನಿಗೆ 3 ಇಂಚು ಪುಲ್ಲಿ, ಪಂಪಿಗೆ 9 ಇಂಚು. ಇಂಜಿನ್ 2700ರಲ್ಲಿ ಓಡಿದರೆ ಪಂಪ್ 900ರಲ್ಲಿ ಓಡುತ್ತದೆ. ಎರಡನ್ನೂ ಒಂದೇ 6 ಎಂಎಂ ಪ್ಲೇಟಿನ ಮೇಲೆ ಕೂರಿಸಿ, ರಬ್ಬರ್ ಬುಷ್ ಆ ಪ್ಲೇಟಿನ ಕೆಳಗೆ ಬರಲಿ. ಇಂಜಿನ್ನಿಗೆ ಮಾತ್ರ ರಬ್ಬರ್ ಹಾಕಿದರೆ ಎರಡರ ಸಾಲು ತಪ್ಪಿ ಬೆಲ್ಟ್ ಒಂದೇ ಪಕ್ಕ ಸವೆಯುತ್ತದೆ. ಬೆಲ್ಟಿಗೆ ಜಾಲರಿ ಮುಚ್ಚಳ ಇಲ್ಲದೆ ಓಡಿಸಬೇಡಿ. ಸೈಲೆನ್ಸರ್ ಬಾಯಿ ಡ್ರಮ್ಮಿನ ಕಡೆ ತಿರುಗಿರಬಾರದು. ಪಿಟಿಓದಿಂದ (ಟ್ರ್ಯಾಕ್ಟರಿನ ಹಿಂದೆ ತಿರುಗುವ ಶಾಫ್ಟಿನಿಂದ) ಪಂಪ್ ಓಡಿಸಿದರೆ ಒಂದು ಇಂಜಿನ್ ಉಳಿಯುತ್ತದೆ ನಿಜ, ಆದರೆ ಹೊಡೆಯುವಷ್ಟೂ ಹೊತ್ತು ಟ್ರ್ಯಾಕ್ಟರ್ ಅಲ್ಲೇ ನಿಂತಿರಬೇಕಾಗುತ್ತದೆ.

ಸಕ್ಷನ್ ಪೈಪ್ ಗಿಡ್ಡವಾಗಿರಲಿ, ಒಳಗೆ ಸ್ಪ್ರಿಂಗ್ ಇರುವಂಥದ್ದೇ ಆಗಿರಲಿ. ಜಾಲರಿ ಡ್ರಮ್ಮಿನ ತಳದಿಂದ ಎರಡು ಇಂಚು ಮೇಲಿರಬೇಕು. ಪಂಪಿನ ಒತ್ತಡ ತೋರಿಸುವ ಗೇಜಿನ ಮುಳ್ಳು ನಡುಗಿದರೆ ಸಕ್ಷನ್ ಕ್ಲಾಂಪಿನಲ್ಲಿ ಗಾಳಿ ಎಳೆಯುತ್ತಿದೆ ಎಂದು ಅರ್ಥ. ಮುಳ್ಳು ನಿಧಾನವಾಗಿ ಇಳಿಯುತ್ತಾ ಹೋದರೆ ವಾಲ್ವಿನ ಕೆಳಗೆ ಸುಣ್ಣದ ಕಲ್ಲು ಕೂತಿದೆ ಅಥವಾ ಬೆಲ್ಟ್ ಜಾರುತ್ತಿದೆ. ರಿಟರ್ನ್ ಪೈಪಿನ ಬಾಯಿ ತಳಕ್ಕೆ ಮುಟ್ಟುವ ಹಾಗಿದ್ದರೆ ದ್ರಾವಣ ತಾನೇ ಕಲಕುತ್ತದೆ. ಎರಡು ಸ್ಪ್ರೇ ಗನ್ ಓಡಿಸುವಾಗ ರಿಟರ್ನ್‌ಗೆ ಬರುವ ನೀರು ಸಾಲದು, ಆಗ ಒಬ್ಬರು ಆಗಾಗ ಮರದ ಕೋಲಿನಿಂದ ತಳ ಕೆದಕುತ್ತಿರಲಿ. ಸುಣ್ಣದ ತಿಳಿಯನ್ನು ನೈಲಾನ್ ಬಟ್ಟೆಯಲ್ಲಿ ಸೋಸಿಯೇ ಹಾಕಿ. ನಾಝಲ್ ಕಟ್ಟುವುದು, ಪಂಪಿನ ಸೀಲ್ ಬೇಗ ಸವೆಯುವುದು, ಎರಡಕ್ಕೂ ಸೋಸದ ಸುಣ್ಣವೇ ಕಾರಣ.

ಫೈಬರ್ ದೋಟಿಯಿಂದ ಹೊಡೆಯುವವರಿಗೆ: 60-70 ಅಡಿ ಎತ್ತರಕ್ಕೆ ನೀರು ಏರಲು ಖರ್ಚಾಗುವ ಒತ್ತಡ ಬರೀ 2 ಬಾರ್. ನಷ್ಟ ಹೆಚ್ಚಾಗುವುದು ಉದ್ದದ ಪೈಪಿನಲ್ಲಿ. ಟ್ರೇಲರನ್ನು ತೋಟದ ಅಂಚಿನ ದಾರಿಯಲ್ಲೇ ನಿಲ್ಲಿಸಿ ನೂರು ಮೀಟರ್ ಪೈಪ್ ಎಳೆದುಕೊಳ್ಳಿ, ಬಸಿಗಾಲುವೆ ದಾಟಿಸುವ ಸಾಹಸ ಬೇಡ. ಕಾರ್ಬನ್ ಫೈಬರ್ ದೋಟಿಯಲ್ಲಿ ಕರೆಂಟ್ ಹರಿಯುತ್ತದೆ. ಲೈನ್ ಹಾದುಹೋಗುವ ಸಾಲಿನ ಮರಗಳನ್ನು ಅದರಿಂದ ಹೊಡೆಯಬೇಡಿ.

ತೋಟದಲ್ಲಿ ಸ್ಪ್ರಿಂಕ್ಲರ್ ಲೈನ್ ಅಥವಾ ಅಬ್ಬಿ ನೀರಿನ (ಗುಡ್ಡದಿಂದ ತಾನೇ ಹರಿದು ಬರುವ ನೀರಿನ) ಪೈಪ್ ಇದ್ದರೆ ಮನೆಯಿಂದ ನೀರು ತುಂಬಿಸಿಕೊಂಡು ಹೋಗಲೇಬೇಡಿ. ಖಾಲಿ ಡ್ರಮ್ ಒಯ್ದು ಅಲ್ಲೇ ತುಂಬಿಸಿ, ಅಲ್ಲೇ ಮದ್ದು ಕಲಸಿ. ಇಳಿಜಾರಿನ ಅಪಾಯದಲ್ಲಿ ಮುಕ್ಕಾಲು ಪಾಲು ಇದರಿಂದಲೇ ತಪ್ಪುತ್ತದೆ. ತುಂಬಿಸಿಕೊಂಡು ಇಳಿಯಲೇಬೇಕಾದರೆ ಮೊದಲ ಗೇರಿನಲ್ಲೇ ಇಳಿಯಿರಿ, ನಡುವೆ ಕ್ಲಚ್ ಒತ್ತಬೇಡಿ. ಇದೆಲ್ಲ ಸ್ವಂತ ಜಾಗದೊಳಗಿನ ಮಾತು. ಡಾಂಬರು ರಸ್ತೆಗೆ ಇಳಿಸುವ ಟ್ರೇಲರಿಗೆ ನೋಂದಣಿ ಬೇಕಾಗುತ್ತದೆ.

ಸಂಜೆ ಕೆಲಸ ಮುಗಿದ ಮೇಲೆ ಹತ್ತು ನಿಮಿಷ ಬರೀ ನೀರು ಓಡಿಸಿ, ಗನ್ನಿನಿಂದಲೂ ರಿಟರ್ನ್‌ನಿಂದಲೂ ತಿಳಿ ನೀರು ಬರುವ ತನಕ. ಪಂಪಿನ ಗ್ರೀಸ್ ಕಪ್ಪನ್ನು ಓಡುವ ಎರಡು ಗಂಟೆಗೊಮ್ಮೆ ಒಂದು ಸುತ್ತು ತಿರುಗಿಸಿ. ಫ್ರೇಮ್ ಮೇಲೆ ಚೆಲ್ಲಿದ ಮೈಲುತುತ್ತವನ್ನು ಅವತ್ತೇ ತೊಳೆಯಿರಿ.

ಮೊದಲ ಸಿಂಪಡಣೆ ಮಳೆ ಹಿಡಿಯುವ ಮುಂಚೆ ಆಗಬೇಕು, ಎರಡನೆಯದು 40-45 ದಿನ ಬಿಟ್ಟು. ಹಾಗಾಗಿ ಮೇ ಮೊದಲ ವಾರಕ್ಕೆ ಟ್ರೇಲರ್ ತಯಾರಿರಲಿ. ಬಣ್ಣ ಹೊಡೆಸುವ ಮೊದಲು ಯು-ಬೋಲ್ಟ್ ಅರ್ಧ ಬಿಗಿದು, ಎರಡೂ ಡ್ರಮ್ಮಿಗೆ ನೀರು ತುಂಬಿಸಿ, ಟ್ರೇಲರ್ ಮಟ್ಟವಾಗಿರುವಂತೆ ಮೂತಿಯನ್ನು ಅಡಿಕೆ ತೂಗುವ ತಕ್ಕಡಿಯ ಮೇಲೆ ಇಡಿಸಿ ನೋಡಿ. 50ಕ್ಕಿಂತ ಕಡಿಮೆ ಬಂದರೆ ಆಕ್ಸಲ್ ಹಿಂದಕ್ಕೆ, 80 ದಾಟಿದರೆ ಮುಂದಕ್ಕೆ ಸರಿಸಿ. ಬಂದ ತೂಕವನ್ನು ಇಲ್ಲೇ ಬರೆಯಿರಿ. ನಿಮ್ಮ ಇಂಜಿನ್ ಬೇರೆ ಭಾರದ್ದಾಗಿದ್ದರೆ ಎಷ್ಟು ಸರಿಸಬೇಕು ಎಂದು ಲೆಕ್ಕ ಹಾಕಿ ಹೇಳುತ್ತೇನೆ.