ಸೊನ್ನೆ ಎಲ್ಲಿ ಹೋಯ್ತು?

ಪ್ರಶ್ನೆ: ಮೇಡಂ, ಮಗಳಿಗೆ ವರ್ಗ ಸಮೀಕರಣ ಹೇಳಿಕೊಡೋಣ ಅಂತ ನಾನೂ ಪುಸ್ತಕ ಹಿಡಿದು ಕೂತಿದ್ದೇನೆ. ಎಕ್ಸ್² = 5ಎಕ್ಸ್ ಅನ್ನೋ ಲೆಕ್ಕದಲ್ಲಿ ಎರಡೂ ಕಡೆ ಒಂದೊಂದು ಎಕ್ಸ್ ಹೊಡೆದುಹಾಕಿದೆ. 5 ಬಂತು. ಪುಸ್ತಕದ ಹಿಂದೆ ಉತ್ತರ 0 ಮತ್ತು 5 ಎಂದಿದೆ. ಈ ಸೊನ್ನೆ ಎಲ್ಲಿಂದ ಬಂತು? ಇನ್ನೊಂದು, ಎಲ್ಲವನ್ನೂ ಎಡಕ್ಕೆ ತಂದು ಬಲಕ್ಕೆ ಸೊನ್ನೆ ಇಡಲೇಬೇಕು ಅಂತಾರಲ್ಲ, ಯಾಕೆ?

ಉತ್ತರ: ಸೊನ್ನೆ ಮೊದಲಿನಿಂದಲೂ ಅಲ್ಲೇ ಇತ್ತು, ಹೊಡೆದುಹಾಕಿದ್ದು ನೀವೇ! ಎಕ್ಸ್ ಜಾಗದಲ್ಲಿ 0 ಹಾಕಿ ನೋಡಿ. ಎಡಕ್ಕೂ 0, ಬಲಕ್ಕೂ 0. ಸರಿಹೋಗುತ್ತೆ ಅಲ್ವಾ? ಹೊಡೆದುಹಾಕುವುದು ಅಂದರೆ ಎಕ್ಸ್‌ನಿಂದ ಭಾಗಿಸುವುದು. ಸೊನ್ನೆಯಿಂದ ಭಾಗಿಸುವಂತಿಲ್ಲ. ಹಾಗಾಗಿ ಭಾಗಿಸಿದ ಕೂಡಲೇ ‘ಎಕ್ಸ್ ಸೊನ್ನೆಯಲ್ಲ’ ಎಂದು ನಿಮಗೆ ಗೊತ್ತಿಲ್ಲದೆಯೇ ತೀರ್ಮಾನಿಸಿಬಿಟ್ಟಿರಿ. 5ರಿಂದ ಭಾಗಿಸಿ, 7ರಿಂದ ಭಾಗಿಸಿ, ತೊಂದರೆಯಿಲ್ಲ. ಬೆಲೆ ಗೊತ್ತಿಲ್ಲದ ಅಕ್ಷರದಿಂದ ಬೇಡ. ಎಕ್ಸ್² − 5ಎಕ್ಸ್ = 0 ಎಂದು ಬರೆದುಕೊಂಡು ಎಕ್ಸ್ ಹೊರಗೆ ತೆಗೆಯಿರಿ: ಎಕ್ಸ್(ಎಕ್ಸ್ − 5) = 0. ಎರಡೂ ಉತ್ತರ ಸಿಗುತ್ತವೆ.

ಇನ್ನು ಬಲಗಡೆಯ ಸೊನ್ನೆ. ಉತ್ತರಪತ್ರಿಕೆ ತಿದ್ದುವಾಗ ನನ್ನ ಕೆಂಪು ಪೆನ್ನಿಗೆ ಜಾಸ್ತಿ ಕೆಲಸ ಕೊಡುವ ಲೆಕ್ಕ ಇದು: (ಎಕ್ಸ್ − 2)(ಎಕ್ಸ್ − 3) = 6. ಮಕ್ಕಳು ಕಣ್ಣುಮುಚ್ಚಿ ಎಕ್ಸ್ − 2 = 6, ಎಕ್ಸ್ − 3 = 6 ಎಂದು ಬರೆದು, 8 ಮತ್ತು 9 ಅಂತಾರೆ. 8 ಹಾಕಿದರೆ 6 × 5, ಅಂದರೆ 30! ಗುಣಿಸಿದಾಗ 6 ಬರಬೇಕಾದರೆ 1 × 6 ಇರಬಹುದು, 2 × 3 ಇರಬಹುದು, ಅರ್ಧ × 12 ಇರಬಹುದು, ಎರಡೂ ಋಣಸಂಖ್ಯೆ ಇರಬಹುದು. ಲೆಕ್ಕವೇ ಇಲ್ಲದಷ್ಟು ಜೋಡಿಗಳು. ಆದರೆ ಗುಣಲಬ್ಧ 0 ಬಂದರೆ ಎರಡರಲ್ಲಿ ಒಂದು 0 ಆಗಿರಲೇಬೇಕು, ಬೇರೆ ದಾರಿಯಿಲ್ಲ. ಅಪವರ್ತನ ವಿಧಾನ, ಅಂದರೆ ಗುಣಿಸುವ ಭಾಗಗಳಾಗಿ ಒಡೆದು ಬಿಡಿಸುವುದು, ನಿಂತಿರುವುದೇ ಇದರ ಮೇಲೆ. ಸರಿ, ಆವರಣ ಬಿಡಿಸಿ: ಎಕ್ಸ್² − 5ಎಕ್ಸ್ + 6 = 6. ಎರಡೂ ಕಡೆಯಿಂದ 6 ಕಳೆಯಿರಿ. ಉಳಿದದ್ದು ನಿಮ್ಮ ಮೊದಲ ಲೆಕ್ಕವೇ!

ಬಲಕ್ಕೆ ಸೊನ್ನೆ ಇಡದೆಯೂ ಬಿಡಿಸಬಹುದು, ಅದು ಬೇರೆ ವಿಧಾನ. 9ನೇ ಶತಮಾನದಲ್ಲಿ ಬಾಗ್ದಾದಿನ ಗಣಿತಜ್ಞ ಅಲ್ ಖ್ವಾರಿಜ್ಮಿ ಬಿಡಿಸಿದ ಲೆಕ್ಕ ನಮ್ಮ ಬರವಣಿಗೆಯಲ್ಲಿ ಎಕ್ಸ್² + 10ಎಕ್ಸ್ = 39. ಮಗಳ ಕೈಲಿ ಚಿತ್ರ ಬರೆಸಿ. ಬಾಹು ಎಕ್ಸ್ ಇರುವ ಒಂದು ಚೌಕ. ಅದರ ಬಲಕ್ಕೊಂದು, ಕೆಳಕ್ಕೊಂದು ಆಯತ, ಎರಡರ ಅಗಲವೂ 5. ಇಷ್ಟರ ವಿಸ್ತೀರ್ಣ 39. ಮೂಲೆಯಲ್ಲಿ 5 × 5 ಜಾಗ ಖಾಲಿ. ಆ 25 ತುಂಬಿಸಿದರೆ 64ರ ದೊಡ್ಡ ಚೌಕ. ಅದರ ಬಾಹು 8, ಹಾಗಾಗಿ ಎಕ್ಸ್ 3. ‘ಪೂರ್ಣವರ್ಗ ಮಾಡಿ’ ಅಂತ ಪುಸ್ತಕ ಸುಮ್ನೆ ಒಂದು ಸಾಲಲ್ಲಿ ಹೇಳಿ ಮುಗಿಸುವುದು ಇದನ್ನೇ.

ಅಲ್ ಖ್ವಾರಿಜ್ಮಿ 3ಕ್ಕೇ ನಿಲ್ಲಿಸಿದರು. ಬಾಹುವಿನ ಉದ್ದ ಋಣ ಆಗೋದಿಲ್ಲವಲ್ಲ. −8ರ ವರ್ಗವೂ 64 ತಾನೇ, ನಿಮ್ಮ ಮಗಳು ಮಾತ್ರ −8ನ್ನೂ ತೆಗೆದುಕೊಂಡು, 5 ಕಳೆದು −13 ಅಂತಲೂ ಬರೆಯಲಿ, ಇಲ್ಲದಿದ್ದರೆ ಅಂಕ ಹೋಗುತ್ತೆ.