ಹಬ್‌ನಲ್ಲಿ ಕಚ್ಚಿಕೊಂಡ ಆಕ್ಸಲ್: ಸುತ್ತಿಗೆ ಕೆಳಗಿಡಿ, ಪುಲ್ಲರ್ ಹುಡುಕಿ

ನೀವು ಕೇಳಿರುವುದು ಇಷ್ಟು: ಸೋಮವಾರಪೇಟೆ ಹತ್ತಿರ ತೋಟದ ಮನೆ. ಹಳೇ ಸ್ವಿಫ್ಟ್‌ನ ಎಡಗಡೆ ಮುಂದಿನ ವೀಲ್ ಬೇರಿಂಗ್ ನೀವೇ ಬದಲಾಯಿಸೋಕೆ ಕೂತಿದ್ದೀರಿ. ಚಕ್ರ, ಬ್ರೇಕಿನ ಕ್ಯಾಲಿಪರ್ ಮತ್ತು ಡಿಸ್ಕ್, ನಡುವಿನ ದೊಡ್ಡ ನಟ್ ಎಲ್ಲ ಬಿಚ್ಚಿ ಆಯ್ತು. ಗೇರ್ ಬಾಕ್ಸ್‌ನಿಂದ ಬಂದು ಚಕ್ರ ತಿರುಗಿಸುವ ಆಕ್ಸಲ್ ಮಾತ್ರ, ಚಕ್ರ ಕೂರುವ ಹಬ್ ಬಿಟ್ಟು ಅಲ್ಲಾಡುತ್ತಿಲ್ಲ. ಸುತ್ತಿಗೆ ಹಿಡಿದು ಕೈ ಸೋತಿದೆ. ಪಕ್ಕದ ತೋಟದವರು ಗ್ಯಾಸ್ ಕಟ್ಟರ್ ತರಿಸಿ ಕಾಯಿಸೋಣ ಅಂತಿದ್ದಾರೆ. ಕಾಯಿಸಬಹುದಾ?

ಸದ್ಯಕ್ಕೆ ಬೇಡ. ಸುತ್ತಿಗೆಯನ್ನೂ ಸ್ವಲ್ಪ ಹೊತ್ತು ಪಕ್ಕಕ್ಕಿಡಿ.

ನಾನು ಕೊಡಗಿನ ನಾಪೋಕ್ಲು ಕಡೆಯವನು. ಮೆಕ್ಯಾನಿಕ್ ಅಲ್ಲ, ಆದರೆ ತೋಟದ ಗಾಡಿಗಳ ಕೆಳಗೆ ಮಲಗಿ ಬೆನ್ನು ಸವೆಸಿದವನು. ನಮ್ಮ ಕಡೆ ಈ ತೊಂದರೆ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಕ್ರದ ಒಳಗೆ ಕೆಸರು ಒಣಗುವುದೇ ಇಲ್ಲ. ಆಕ್ಸಲ್ ತುದಿಯಲ್ಲಿ ಉದ್ದುದ್ದ ಹಲ್ಲುಗಳಿವೆ ಅಲ್ವಾ, ಅವು ಹಬ್‌ನ ಒಳಗಿನ ಹಲ್ಲಿಗೆ ಕೂರುತ್ತವೆ. ನಡುವೆ ಇರುವ ಸಂದು ಕೂದಲೆಳೆಯಷ್ಟೂ ಇಲ್ಲ. ಅಲ್ಲಿ ನೀರು ಇಳಿದು ತುಕ್ಕು ಹಿಡಿಯುತ್ತದೆ. ಕಬ್ಬಿಣ ತುಕ್ಕಾದಾಗ ಮೊದಲಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಜಾಗವೇ ಇಲ್ಲದ ಕಡೆ ಅದು ಬೆಳೆದರೆ ಎರಡೂ ಹಲ್ಲುಗಳನ್ನು ಒತ್ತಿ ಹಿಡಿದುಬಿಡುತ್ತದೆ. ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ನಿಂತ ಗಾಡಿಯದ್ದು ಇನ್ನೂ ಗಟ್ಟಿ.

ಸುತ್ತಿಗೆ ಯಾಕೆ ಕೆಲಸ ಮಾಡಲಿಲ್ಲ ಅಂದರೆ, ನೀವು ಹೊಡೆಯುತ್ತಿರುವ ವಸ್ತು ನೆಲಕ್ಕೆ ಊರಿಕೊಂಡಿಲ್ಲ. ಹಬ್ ಇರುವುದು ನಕಲ್‌ನಲ್ಲಿ, ಅಂದರೆ ಬೇರಿಂಗ್ ಹಿಡಿದಿರುವ ದಪ್ಪ ಲೋಹದ ತುಂಡಿನಲ್ಲಿ. ನಕಲ್ ನೇತಾಡುತ್ತಿರುವುದು ಶಾಕ್ ಅಬ್ಸಾರ್ಬರ್ ಮತ್ತು ಅದನ್ನು ಕೆಳಗಿನಿಂದ ಹಿಡಿದಿರುವ ಲೋಯರ್ ಆರ್ಮ್‌ನ ರಬ್ಬರ್ ಬುಷ್‌ಗಳ ಮೇಲೆ. ಜೋಕಾಲಿ ಹಲಗೆಗೆ ಮೊಳೆ ಹೊಡೆದ ಹಾಗೆ, ಅರ್ಧ ಏಟು ರಬ್ಬರ್ ನುಂಗುತ್ತದೆ. ಉಳಿದ ಅರ್ಧ ಆಕ್ಸಲ್ ಮೂಲಕ ಸಿವಿ ಜಾಯಿಂಟ್‌ನ (ಆಕ್ಸಲ್ ಬಾಗಿಯೂ ತಿರುಗುವಂತೆ ಮಾಡುವ ಕೀಲು) ಗುಂಡುಗಳಿಗೆ, ಅಲ್ಲಿಂದ ಗೇರ್ ಬಾಕ್ಸ್ ಕಡೆಗೆ ಹೋಗುತ್ತದೆ. ತುಕ್ಕಿಗೆ ತಲುಪುವುದು ಸ್ವಲ್ಪ. ಅದರ ಮೇಲೆ ಆಕ್ಸಲ್ ತುದಿ ಅಣಬೆಯಾಗಿ ಅಗಲವಾದರೆ ನಟ್ ಮತ್ತೆ ಏರುವುದಿಲ್ಲ. ಸಣ್ಣ ಖರ್ಚಿನ ಬೇರಿಂಗ್ ಕೆಲಸ ದೊಡ್ಡ ಖರ್ಚಿನ ಆಕ್ಸಲ್ ಕೆಲಸ ಆಗುತ್ತದೆ.

ಪುಲ್ಲರ್ ಹಾಗಲ್ಲ. ಅದು ಹಬ್‌ನ ಬೋಲ್ಟ್‌ಗಳನ್ನೇ ಹಿಡಿದುಕೊಂಡು ಆಕ್ಸಲ್ ತುದಿಯನ್ನು ಒಳಕ್ಕೆ ನೂಕುತ್ತದೆ. ಒತ್ತಡ ಪೂರ್ತಿ ಆ ಎರಡರ ನಡುವೆಯೇ ಸುತ್ತುತ್ತದೆ. ರಬ್ಬರ್‌ಗೂ ಗೊತ್ತಾಗಲ್ಲ, ಗೇರ್ ಬಾಕ್ಸ್‌ಗೂ ಗೊತ್ತಾಗಲ್ಲ. ಚಕ್ರದ ಬೋಲ್ಟ್‌ಗಳಿಗೆ ಕೂರುವ ಪ್ಲೇಟ್ ಪುಲ್ಲರ್ ಸಿಕ್ಕರೆ ಒಳ್ಳೆಯದು. ಮೂರು ಕಾಲಿನದು ಬಾಡಿಗೆಗೆ ಸುಲಭವಾಗಿ ಸಿಗುತ್ತದೆ, ಆದರೆ ಜೋರು ಬಿದ್ದಾಗ ಕಾಲು ಜಾರುತ್ತದೆ. ಎರಡೂ ಸಿಗದಿದ್ದರೆ ಸೋಮವಾರಪೇಟೆಯಲ್ಲೋ ಕುಶಾಲನಗರದಲ್ಲೋ ಲೇತ್ ಅಂಗಡಿಗೆ ಹೋಗಿ. 12 ಮಿ.ಮೀ. ದಪ್ಪದ ಪ್ಲೇಟಿಗೆ ನಿಮ್ಮ ಹಬ್ ಅಳತೆಗೆ ತೂತು ಹಾಕಿಸಿ, ನಡುವೆ ದೊಡ್ಡ ನಟ್ ವೆಲ್ಡ್ ಮಾಡಿಸಿ, ಅದಕ್ಕೊಂದು ಉದ್ದ ಬೋಲ್ಟ್. ಅಷ್ಟೇ ಪುಲ್ಲರ್. ನನ್ನದೂ ಅಂಥದ್ದೇ. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಕೋವಿಗೆ ತೋಕ್ ಪೂ (ಕೋವಿ ಹೂ) ಇಡುವಾಗ ಅದಕ್ಕೂ ಒಂದು ಇಡುತ್ತೇನೆ. ಮನೆಯವರು ನಗುತ್ತಾರೆ.

ಪುಲ್ಲರ್ ಹಾಕುವ ಮುಂಚೆ ಗಾಡಿ ನಿಂತಿರುವ ಜಾಗ ನೋಡಿ. ತೋಟದ ದಾರಿ ಇಳಿಜಾರು, ನೆಲ ಮೆತ್ತಗೆ. ಜಾಕ್ ಹೂತುಹೋಗುತ್ತದೆ. ಕಾಫಿ ಒಣಗಿಸುವ ಕಣ ಖಾಲಿಯಿದ್ದರೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ, ಗಟ್ಟಿ ಸಿಮೆಂಟು, ಸಮತಟ್ಟು. ಜಾಕ್ ಸ್ಟ್ಯಾಂಡ್ ಇಡಿ. ಸಿಮೆಂಟ್ ಬ್ಲಾಕ್ ಮಾತ್ರ ಇಡಬೇಡಿ, ಅದು ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ. ಬಿಚ್ಚಿದ ಕ್ಯಾಲಿಪರ್ ಬ್ರೇಕ್ ಪೈಪಿನಲ್ಲಿ ಜೋತಾಡುತ್ತಿದ್ದರೆ ಈಗಲೇ ಒಂದು ತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟಿ.

ಈಗ ಆಕ್ಸಲ್ ತುದಿಯನ್ನು ಹತ್ತಿರದಿಂದ ನೋಡಿ. ಸರಿಯಾಗಿ ನಡುವಿನಲ್ಲಿ ಚಿಕ್ಕ ಗುಳಿ ಇರುತ್ತದೆ. ಲೇತಿನಲ್ಲಿ ಹಿಡಿಯೋಕೆ ಕೊರೆದದ್ದು. ನಮ್ಮ ಗಾಡಿಗಳಲ್ಲಿ ಅದು ಕೆಂಪು ಮಣ್ಣು ತುಂಬಿ ಮುಚ್ಚಿಹೋಗಿರುತ್ತದೆ. ಮೊಳೆ ತುದಿಯಲ್ಲಿ ಕೆದಕಿ ತೆಗೆಯಿರಿ, ಒಂದು ಚೂರು ಗ್ರೀಸ್ ಹಚ್ಚಿ. ಪುಲ್ಲರ್ ಬೋಲ್ಟಿನ ಮೂತಿ ಕೂರಬೇಕಾದದ್ದು ಆ ಗುಳಿಯಲ್ಲೇ. ಅಲ್ಲಿ ಕೂರದಿದ್ದರೆ ಬಿಗಿ ಮಾಡುವಾಗ ಪಕ್ಕಕ್ಕೆ ಜಾರಿ ಥ್ರೆಡ್ ಕೆರೆಯುತ್ತದೆ. ಬಿಚ್ಚಿದ ಹಳೇ ನಟ್ಟನ್ನು ಮತ್ತೆ ಕೈಯಲ್ಲೇ ತಿರುಗಿಸಿ ಹಾಕಿ, ಅದರ ಮುಖ ಆಕ್ಸಲ್ ತುದಿಗೆ ಸಮ ಬರುವ ತನಕ. ಥ್ರೆಡ್ಡಿಗೆ ಅದೇ ಕಾವಲು. ನಟ್ಟಿಗೂ ಹಬ್ಬಿಗೂ ನಡುವೆ ಸಂದು ಉಳಿದಿರಬೇಕು, ಇಲ್ಲದಿದ್ದರೆ ಆಕ್ಸಲ್ ಒಳಗೆ ಹೋಗುವುದಾದರೂ ಎಲ್ಲಿಗೆ?

ಎಣ್ಣೆ ವಿಷಯ. ಎಲ್ಲರೂ ಡಬ್ಲ್ಯೂಡಿ-40 ಹೊಡೆಯುತ್ತಾರೆ. ಆ ಹೆಸರಿನ ಅರ್ಥವೇ ನೀರನ್ನು ಹೊರಹಾಕುವ ನಲವತ್ತನೇ ಸೂತ್ರ ಅಂತ. ಇಲ್ಲದ್ದಕ್ಕೆ ಅದೂ ಆಗುತ್ತದೆ, ಆದರೆ ತುಕ್ಕಿನೊಳಗೆ ಇಳಿಯಲೆಂದೇ ಮಾಡಿದ ಪೆನೆಟ್ರೇಟಿಂಗ್ ಆಯಿಲ್ ಬೇರೆ ಸಿಗುತ್ತದೆ, ಅದನ್ನು ತನ್ನಿ. ಹಳೇ ಕೈಗಳು ಪವರ್ ಸ್ಟೀರಿಂಗ್ ಆಯಿಲ್‌ಗೆ ಅಷ್ಟೇ ಅಸಿಟೋನ್ ಬೆರೆಸಿ ಬಿಡುತ್ತಾರೆ. ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅವೆರಡೂ ಬೆರೆತು ನಿಲ್ಲಲ್ಲ, ಪ್ರತಿ ಸಲ ಕುಲುಕಬೇಕು, ಬೆಂಕಿ ಹತ್ತಿರ ಬರಬಾರದು. ಮೊದಲು ವೈರ್ ಬ್ರಶ್‌ನಲ್ಲಿ ಹಲ್ಲಿನ ಬಾಯಿ ತಿಕ್ಕಿ, ಆಮೇಲೆ ಎಣ್ಣೆ ಬಿಡಿ. ಮಣ್ಣಿನ ಮೇಲೆ ಬಿಟ್ಟರೆ ಮಣ್ಣೇ ಕುಡಿಯುತ್ತದೆ. ಹಿಂದಿನ ಬದಿಯಿಂದಲೂ, ಸಿವಿ ಜಾಯಿಂಟ್ ಹಬ್‌ಗೆ ತಾಗುವ ಜಾಗಕ್ಕೂ ಬಿಡಿ. ಆಮೇಲೆ ಊಟ ಮಾಡಿ ಬನ್ನಿ.

ಪುಲ್ಲರ್ ಬಿಗಿ ಮಾಡಿ. ಉದ್ದ ಪೈಪ್ ಹಾಕಿ ಒಂದೇ ಉಸಿರಿಗೆ ತಿರುಗಿಸಬೇಡಿ. ಬೋಲ್ಟ್ ಗಟ್ಟಿಯಾಗಿ ನಿಂತ ಮೇಲೆ ಪುಲ್ಲರ್ ಬೋಲ್ಟಿನ ತಲೆಗೆ ಸುತ್ತಿಗೆಯಲ್ಲಿ ಒಂದು ನೇರ ಏಟು ಕೊಡಿ. ಸುತ್ತಿಗೆಗೆ ಕೆಲಸ ಇರುವುದು ಇಲ್ಲಿ. ಒತ್ತಡದಲ್ಲಿ ಇರುವ ತುಕ್ಕು ನಡುಗಿದರೆ ಒಡೆಯುತ್ತದೆ, ಸುಮ್ನೆ ಇರುವ ತುಕ್ಕು ಒಡೆಯಲ್ಲ. ಏಟು ಕೊಟ್ಟ ಮೇಲೆ ಬೋಲ್ಟ್ ಸ್ವಲ್ಪ ಸಡಿಲ ಅನಿಸಿದರೆ ಖುಷಿಪಡಿ, ಅಷ್ಟು ಸರಿದಿದೆ ಅಂತ ಅರ್ಥ. ಮತ್ತೆ ಬಿಗಿ, ಮತ್ತೆ ಏಟು, ಮತ್ತೆ ಎಣ್ಣೆ. ಹಬ್ಬನ್ನು ಕಾಲು ಸುತ್ತು ತಿರುಗಿಸಿ ಮತ್ತೊಂದು ಸಲ. ಏನೂ ಆಗದಿದ್ದರೆ ಬಿಗಿ ಮಾಡಿಯೇ ಬಿಟ್ಟು ರಾತ್ರಿ ಮಲಗಿಬಿಡಿ. ಪುಲ್ಲರ್ ಮೇಲೆ ಗೋಣಿಚೀಲ ಸುತ್ತಿ ಹಗ್ಗ ಬಿಗಿಯಿರಿ, ಎಗರಿದರೆ ಮುಖಕ್ಕೆ ಬರಬಾರದು. ಬಿಡುವಾಗ ಕೋವಿ ಸಿಡಿದಷ್ಟು ಸದ್ದು ಬರಬಹುದು. ಹಲ್ಲಿನ ಸಂದಿಯಿಂದ ಕೆಂಪು ಪುಡಿ ಉದುರುತ್ತದೆ. ಹೆದರಬೇಡಿ, ಒಡೆದದ್ದು ತುಕ್ಕು.

ಪುಲ್ಲರ್ ಸಿಗುವ ತನಕ ಹೊಡೆಯಲೇಬೇಕು ಅನಿಸಿದರೆ ಕಬ್ಬಿಣಕ್ಕೆ ಕಬ್ಬಿಣ ತಾಗಿಸಬೇಡಿ. ನಡುವೆ ಹಿತ್ತಾಳೆ ರಾಡು ಇಡಿ. ಹಿತ್ತಾಳೆ ಇಲ್ಲವಾ, ಕಿತ್ತು ಹಾಕಿದ ಹಳೇ ರೊಬಸ್ಟಾ ಬೊಡ್ಡೆ ತೋಟದಲ್ಲಿ ಇದ್ದೇ ಇರುತ್ತದೆ, ಒಣಗಿದ ಕಾಫಿ ಮರ ಗಟ್ಟಿ. ಸಿಲ್ವರ್ ಓಕ್ ತುಂಡು ಬೇಡ, ಬೇಗ ಸಿಗಿದುಹೋಗುತ್ತದೆ.

ಆಕ್ಸಲ್ ಸ್ವಲ್ಪ ಸರಿದ ಮೇಲೆ ಬಹಳ ಜನ ಎಡವುತ್ತಾರೆ. ಆಕ್ಸಲ್ ಹಿಡಿದು ಎಳೆಯುತ್ತಾರೆ. ಎಳೆದರೆ ಗೇರ್ ಬಾಕ್ಸ್ ಕಡೆಯ ಒಳ ಜಾಯಿಂಟ್ ಅದನ್ನು ಮುಚ್ಚಿರುವ ರಬ್ಬರ್ ಬೂಟಿನೊಳಗೇ ಕಳಚಿಕೊಳ್ಳುತ್ತದೆ. ಎಳೆಯಬೇಕಾದದ್ದು ನಕಲ್. ಲೋಯರ್ ಆರ್ಮ್‌ನ ಬಾಲ್ ಜಾಯಿಂಟ್ ಬಿಚ್ಚಿ, ನಕಲ್ಲನ್ನು ಹೊರಕ್ಕೆ ತಿರುಗಿಸಿ, ಆಕ್ಸಲ್ ಇದ್ದಲ್ಲೇ ಇರಲಿ. ಶಾಕ್ ಅಬ್ಸಾರ್ಬರ್‌ನ ಎರಡು ಬೋಲ್ಟ್ ಬಿಚ್ಚುವುದಾದರೆ ಬೋಲ್ಟ್ ತಲೆ ಕೂತಿದ್ದ ಜಾಗಕ್ಕೆ ಬಿಳಿ ಪೇಂಟಿನಲ್ಲಿ ಗುರುತು ಮಾಡಿ. ಇಲ್ಲದಿದ್ದರೆ ಚಕ್ರದ ವಾಲು ಬದಲಾಗಿ ಟೈರ್ ಒಂದೇ ಕಡೆ ಸವೆಯುತ್ತದೆ. ಹೊರಬಂದ ಆಕ್ಸಲ್ಲನ್ನು ತಂತಿಯಲ್ಲಿ ಕಟ್ಟಿ ನೇತುಹಾಕಿ.

ಇನ್ನು ಬೆಂಕಿ. ಬಿಸಿ ಕೆಲಸ ಮಾಡುತ್ತದೆ, ಇಲ್ಲ ಅನ್ನುತ್ತಿಲ್ಲ. 25 ಮಿ.ಮೀ. ತೂತು 100 ಡಿಗ್ರಿ ಹೆಚ್ಚು ಬಿಸಿಯಾದರೆ ಹಿಗ್ಗುವುದು 0.03 ಮಿ.ಮೀ. ಮಾತ್ರ. ಆದರೆ ತುಕ್ಕು ಒಡೆಯೋಕೆ ಅಷ್ಟೇ ಬೇಕಾದದ್ದು. ಕಾಯಬೇಕಾದದ್ದು ಹಬ್, ಆಕ್ಸಲ್ ಅಲ್ಲ. ಆಕ್ಸಲ್ಲೂ ಕಾದರೆ ಅದೂ ಹಿಗ್ಗಿ ಲೆಕ್ಕ ಸಮವಾಗುತ್ತದೆ. ಗ್ಯಾಸ್ ಕಟ್ಟರ್ ಅಷ್ಟು ನಯವಾಗಿ ಕಾಯಿಸುವ ಸಾಮಾನಲ್ಲ. ಅಂಗೈ ಅಗಲದ ದೂರದಲ್ಲಿ ಸಿವಿ ಬೂಟಿನ ರಬ್ಬರ್ ಇದೆ, ಬ್ರೇಕಿನ ಎಬಿಎಸ್‌ಗೆ ಚಕ್ರದ ವೇಗ ಅಳೆಯುವ ಸೆನ್ಸರ್ ಇದೆ, ಬ್ರೇಕ್ ಪೈಪ್ ಇದೆ. ಬೇರಿಂಗ್ ಹೇಗೂ ಎಸೆಯುವುದು, ಅದು ಸುಟ್ಟರೂ ಚಿಂತೆ ಇಲ್ಲ. ಮಿಕ್ಕವು ಸುಟ್ಟರೆ ಖರ್ಚು. ಕಾಯಿಸಲೇಬೇಕೆಂದರೆ ಸೆನ್ಸರ್ ಬಿಚ್ಚಿ, ಬೂಟಿಗೆ ಒದ್ದೆ ಬಟ್ಟೆ ಸುತ್ತಿ, ಹೀಟ್ ಗನ್ ಹಿಡಿಯಿರಿ. ಎಣ್ಣೆ, ಅಸಿಟೋನ್ ಪೂರ್ತಿ ಒರೆಸಿ ಆರಿದ ಮೇಲೆ. ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದ ಜಾಗಕ್ಕಂತೂ ಬೆಂಕಿ ಹಿಡಿಯಲೇಬೇಡಿ. ಕೆಲವು ಕ್ಲೀನರ್‌ಗಳಲ್ಲಿ ಕ್ಲೋರಿನ್ ಇರುವ ದ್ರಾವಣ ಇರುತ್ತದೆ. ಅದು ಕಾದರೆ ಫಾಸ್ಜೀನ್ ಅನ್ನುವ ವಿಷಗಾಳಿ ಬರುತ್ತದೆ, ಜೀವ ತೆಗೆಯುವಂಥದ್ದು. ಬೇಸಿಗೆಯಲ್ಲಾದರೆ ಸುತ್ತ ಒಣ ತರಗೆಲೆ ಇದೆಯಾ ಅಂತಲೂ ನೋಡಿ.

ಇಷ್ಟೆಲ್ಲ ಮಾಡಿಯೂ ಬರಲಿಲ್ಲವಾ? ಹಠ ಬೇಡ. ಗೇರ್ ಆಯಿಲ್ ಇಳಿಸಿ, ಒಳ ಜಾಯಿಂಟನ್ನು ಗೇರ್ ಬಾಕ್ಸ್‌ನಿಂದ ಲಿವರ್ ಹಾಕಿ ಎಬ್ಬಿಸಿ, ಆಕ್ಸಲ್ ನಕಲ್ ಎರಡನ್ನೂ ಒಟ್ಟಿಗೆ ಕೆಳಗಿಳಿಸಿ, ಒತ್ತಿ ಕಳಚುವ ಪ್ರೆಸ್ ಇರುವ ಗ್ಯಾರೇಜಿಗೆ ಕೊಂಡೊಯ್ಯಿರಿ. 20 ಟನ್ ಪ್ರೆಸ್ ಮುಂದೆ ತುಕ್ಕು ಏನು ಮಾಡೀತು? ಗೇರ್ ಬಾಕ್ಸ್‌ನ ಆಯಿಲ್ ಸೀಲ್ ಹೊಸದು ಹಾಕಬೇಕಾಗುತ್ತದೆ, ಅಷ್ಟೇ. ಬೇರಿಂಗ್ ಕೂರಿಸೋಕೂ ಪ್ರೆಸ್ಸೇ ಬೇಕು, ಆದ್ದರಿಂದ ಅಲ್ಲಿಗೆ ಹೋಗುವುದು ತಪ್ಪಲ್ಲ. ಹಬ್ ಹೊರಬಂದಾಗ ಹಳೇ ಬೇರಿಂಗಿನ ಒಳ ರಿಂಗ್ ಹಬ್ ಮೇಲೆಯೇ ಉಳಿಯುವುದು ಮಾಮೂಲು, ಅದನ್ನು ಗ್ರೈಂಡರ್‌ನಲ್ಲಿ ಹುಷಾರಾಗಿ ಸೀಳಿ ತೆಗೆಯುತ್ತಾರೆ. ಹೊಸದನ್ನು ನಕಲ್‌ಗೆ ಒತ್ತುವಾಗ ಹೊರ ರಿಂಗ್ ಮೇಲೆ ಮಾತ್ರ ಒತ್ತಡ ಬೀಳಬೇಕು. ಹಬ್ ತುರುಕುವಾಗ ಒಳ ರಿಂಗಿಗೆ ಕೆಳಗಿನಿಂದ ಆಸರೆ ಇರಬೇಕು. ಇದು ತಪ್ಪಿದರೆ ಗುಂಡುಗಳ ದಾರಿಯಲ್ಲಿ ಗುಳಿ ಬಿದ್ದು ಹೊಸ ಬೇರಿಂಗೂ ಬೇಗ ಗೂಂಯ್ ಅನ್ನುತ್ತದೆ. ಪಕ್ಕದಲ್ಲೇ ನಿಂತು ಮಾಡಿಸಿ.

ಜೋಡಿಸುವಾಗ ಹಲ್ಲುಗಳನ್ನು ಹೊಳೆಯುವ ತನಕ ತಿಕ್ಕಿ, ಕಚ್ಚಿಕೊಳ್ಳದಂತೆ ತಡೆಯುವ ಆಂಟಿ ಸೀಜ್ ಪೇಸ್ಟ್ ತೆಳ್ಳಗೆ ಹಚ್ಚಿ. ಮುಂದಿನ ಸಲ ಕೈಯಲ್ಲೇ ಬರುತ್ತದೆ. ನಟ್ ಹೊಸದೇ ಇರಲಿ. ಬಿಗಿ ಎಷ್ಟು ಅಂತ ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್ ನೋಡಿ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 150ರಿಂದ 250 ನ್ಯೂಟನ್ ಮೀಟರ್ ಇರುತ್ತದೆ. ಅಂದಾಜಿಗೆ ಹೇಳುವುದಾದರೆ, ಒಂದು ಮೀಟರ್ ಪೈಪಿನ ತುದಿಗೆ 20 ಕೆ.ಜಿ. ಭಾರ ಬಿಟ್ಟರೆ ಸುಮಾರು 200. ಆದರೆ ಬಿಗಿ ಅಳೆಯುವ ಟಾರ್ಕ್ ವ್ರೆಂಚ್ ಯಾರ ಹತ್ತಿರವಾದರೂ ಕೇಳಿ ತನ್ನಿ. ಬೇರಿಂಗಿನ ಎರಡು ಭಾಗಗಳನ್ನು ಒಟ್ಟಿಗೆ ಹಿಡಿದಿರುವುದೇ ಆ ನಟ್. ಅದು ಸಡಿಲ ಇರುವಾಗ ಗಾಡಿ ಭಾರ ಬಿಡಬಾರದು, ಉರುಳಿಸಲೂ ಬಾರದು. ಮನೆಯವರನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಿಸಿ, ಚಕ್ರ ಮೇಲಿರುವಾಗಲೇ ಬಿಗಿ ಮಾಡಿ. ಆಮೇಲೆ ನಟ್ಟಿನ ತುಟಿಯನ್ನು ಆಕ್ಸಲ್‌ನ ತೋಡಿಗೆ ಬಗ್ಗಿಸಿ.

ಎಬಿಎಸ್ ಇರುವ ಗಾಡಿಯಾದರೆ ಇನ್ನೊಂದು. ಕೆಲವು ಬೇರಿಂಗ್‌ಗಳ ಒಂದು ಬದಿಯ ಸೀಲಿನಲ್ಲೇ ಮ್ಯಾಗ್ನೆಟ್ ಇರುತ್ತದೆ, ಆ ಬದಿ ಸೆನ್ಸರ್ ಕಡೆಗೇ ಬರಬೇಕು. ಒಂದು ಪೇಪರ್ ಕ್ಲಿಪ್ ತಾಗಿಸಿದರೆ ಯಾವ ಬದಿ ಅಂತ ಗೊತ್ತಾಗುತ್ತದೆ. ಪ್ರೆಸ್ಸಿಗೆ ಇಡುವ ಮುಂಚೆಯೇ ನೋಡಿಕೊಳ್ಳಿ, ತಿರುಗುಮುರುಗಾಗಿ ಕೂತರೆ ಎಬಿಎಸ್ ದೀಪ ಆರಲ್ಲ, ಇಡೀ ಕೆಲಸ ಮತ್ತೆ ಮೊದಲಿಂದ.